ಹಳ್ಳದ ಲೆಕ್ಕ ಹಿಡಿಯುವವರು

ಮುಂಗಾರು ಕಾಲಿಟ್ಟಿತೆಂದರೆ ಕನ್ನಡ ಪತ್ರಿಕೆಗಳ ಒಂದು ಮೂಲೆಗೆ ಜೀವ ಬರುತ್ತದೆ. ಕೆಆರ್‌ಎಸ್, ಕಬಿನಿ, ಹಾರಂಗಿ, ಲಿಂಗನಮಕ್ಕಿ, ತುಂಗಭದ್ರಾ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮಂಡ್ಯ ಸೀಮೆಯ ರೈತರಲ್ಲಿ ಅನೇಕರು ಮೊದಲು ಹುಡುಕುವುದು ಆ ಪಟ್ಟಿಯನ್ನೇ. ಕೆಆರ್‌ಎಸ್ ಮಟ್ಟ 124.80 ಅಡಿ ಮುಟ್ಟಿದ ದಿನ ಅವರಿಗೆ ಹಬ್ಬ. ಈ ಪಟ್ಟಿಯಲ್ಲಿ ಮಟ್ಟವೆಂಬುದು ಕಣ್ಣಿಗೆ ಕಾಣುವ ಅಂಕಿ. ಅಳತೆಪಟ್ಟಿಯ ಮೇಲೆ ನೀರು ಎಲ್ಲಿ ನಿಂತಿದೆಯೆಂದು ಓದಿದರೆ ಮುಗಿಯಿತು. ಒಳಹರಿವನ್ನು ಹಾಗೆ ಓದಲು ಬರುವುದಿಲ್ಲ. ಸಾಮಾನ್ಯವಾಗಿ ಜಲಾಶಯದ ಮಟ್ಟ ಎಷ್ಟು ಏರಿತು, ಎಷ್ಟು ನೀರು ಬಿಟ್ಟರು, ಎಷ್ಟು ಆವಿಯಾಯಿತು ಎಂದು ಕೂಡಿ ಕಳೆದು ಅದನ್ನು ತೆಗೆಯುತ್ತಾರೆ. 24 ಗಂಟೆ ಬಿಡದೆ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ನೀರು ಸೇರುತ್ತದೆ ಎಂಬ ಗಣಿತ ಗೊತ್ತಿದ್ದರೆ, ಪತ್ರಿಕೆ ಹಿಡಿದು ಕೂತ ಯಾರಾದರೂ ಆ ಅಂಕಿಗಳನ್ನು ಒಂದಕ್ಕೊಂದು ತಾಳೆ ನೋಡಬಹುದು.

ಅಣೆಕಟ್ಟು ಇರುವ ಕಡೆ ಈ ಅನುಕೂಲವಾದರೂ ಇದೆ. ಅಣೆಕಟ್ಟಿಲ್ಲದ ಹಳ್ಳದಲ್ಲಿ, ತೊರೆಯಲ್ಲಿ, ಘಟ್ಟದಿಂದ ಇಳಿದು ಓಡುವ ಹೊಳೆಯಲ್ಲಿ ಎಷ್ಟು ನೀರು ಹೋಯಿತೆಂದು ಹೇಳುವುದು ಹೇಗೆ? ಇದನ್ನು ಕಸುಬಾಗಿ ಕಲಿಸುವ ಜಾಗಗಳು ನಮ್ಮಲ್ಲಿವೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕಡಲಿನ ಮಗ್ಗುಲಲ್ಲೇ ಜಲಸಂಪನ್ಮೂಲ ವಿಭಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ವಿಭಾಗದವರು ನೆಲದ ನೀರಿನ ಹಿಂದೆ ಬಿದ್ದಿದ್ದರೆ, ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರದವರು ಮೋಡದ ಹಿಂದೆ ಬಿದ್ದಿದ್ದಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿರುವ ಕೃಷಿ ಹವಾಮಾನ ವಿಭಾಗಕ್ಕೆ ಮಳೆ ಬೆಳೆಗಳ ಸಂಬಂಧವೇ ಮುಖ್ಯ. ಇಲ್ಲಿಗೆ ಬರುವ ವಿದ್ಯಾರ್ಥಿಗಳು ಸಿವಿಲ್, ಕೃಷಿ, ಭೂವಿಜ್ಞಾನ, ಭೌತಶಾಸ್ತ್ರ ಹೀಗೆ ನಾನಾ ಕಡೆಯವರು. ಬಹುತೇಕರು ಸಂಶೋಧನೆಯೆಂದರೆ ಕಂಪ್ಯೂಟರ್ ಮುಂದಿನ ಕೆಲಸವೆಂದುಕೊಂಡು ಬರುತ್ತಾರೆ. ಗೈಡ್ ಒಳ್ಳೆಯವರಾಗಿದ್ದರೆ ಮೊದಲು ಅವರ ಕೈಗೆ ಕೊಡುವುದು ಮಳೆಮಾಪಕ.

ಮಳೆಮಾಪಕದಷ್ಟು ಸರಳವಾದ ಉಪಕರಣ ಇನ್ನೊಂದಿಲ್ಲವೆಂದು ತೋರುತ್ತದೆ. ಮೇಲೊಂದು ಕೊಳವೆಬಾಯಿ, ಕೆಳಗೊಂದು ಪಾತ್ರೆ, ಅಳೆಯಲು ಗೆರೆ ಕೊರೆದ ಗಾಜಿನ ಲೋಟ. ಬೆಳಿಗ್ಗೆ 8:30ಕ್ಕೆ ಸರಿಯಾಗಿ ಅಳೆದು ಬರೆಯಬೇಕು. ಭಾರತದಾದ್ಯಂತ ಅದೇ ಹೊತ್ತು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಮಾಪಕದ ಬಾಯಿ 200 ಚದರ ಸೆಂಟಿಮೀಟರ್ ಆಗಿದ್ದರೆ ಅದೇ ಒಂದು ಮಿಲಿಮೀಟರ್‌ಗೆ 20 ಮಿಲಿಲೀಟರ್ ನೀರು ಸಿಗುತ್ತದೆ. ಅಷ್ಟೇ ಅಗಲದ ಬಾಯಿಯೊಂದು ಎಷ್ಟೋ ಹಳ್ಳಿಗಳ ಮಳೆಗೆ ಸಾಕ್ಷಿ ಹೇಳಬೇಕು. ಅದಕ್ಕೇ ಅದನ್ನು ನೆಡುವ ಜಾಗದ ಬಗ್ಗೆ ಇಷ್ಟು ಕಟ್ಟುನಿಟ್ಟು. ಹತ್ತಿರದ ಮರವೋ ಗೋಡೆಯೋ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟು ದೂರದಲ್ಲಾದರೂ ಮಾಪಕ ಇರಬೇಕು. ಬಾಯಿ ನೆಲದಿಂದ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿ ಮಟ್ಟಸವಾಗಿ ಕೂರಬೇಕು. ಮೇಲೆ ಹೋದಷ್ಟೂ ಗಾಳಿ ಹೆಚ್ಚು. ಗಾಳಿ ಹೆಚ್ಚಿದಷ್ಟೂ ಹನಿಗಳು ಬಾಯಿ ತಪ್ಪಿ ಆಚೆ ಬೀಳುತ್ತವೆ. ಕಟ್ಟಡದ ತಾರಸಿಯ ಮೇಲೆ ಮಾಪಕ ಇಟ್ಟು ತೆಗೆದ ಅಂಕಿಯನ್ನು ಅನುಭವಿಗಳು ಅನುಮಾನದಿಂದಲೇ ನೋಡುತ್ತಾರೆ.

ಈಗ ಹೆಚ್ಚಿನ ಕಡೆ ತಾನೇ ಬರೆದುಕೊಳ್ಳುವ ಮಾಪಕಗಳಿವೆ. ಒಳಗೆ ಏತದಂತೆ ಆಚೆ ಈಚೆ ತೂಗುವ ಜೋಡಿ ಬಟ್ಟಲು. ಒಂದು ತುಂಬಿದೊಡನೆ ಅದು ಮಗುಚಿ, ಇನ್ನೊಂದು ಕೊಳವೆಯ ಕೆಳಗೆ ಬಂದು ನಿಲ್ಲುತ್ತದೆ. ಪ್ರತಿ ಸಲ ಮಗುಚಿದ ಹೊತ್ತನ್ನು ಲಾಗರ್ ಗುರುತು ಹಾಕಿಕೊಳ್ಳುತ್ತದೆ. ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಇಂಥ ದೂರಸಂವೇದಿ ಮಾಪಕಗಳನ್ನು ಇಟ್ಟಿದೆ. ಮಳೆಯ ಅಂಕಿ 15 ನಿಮಿಷಕ್ಕೊಮ್ಮೆ ಬೆಂಗಳೂರು ಮುಟ್ಟುತ್ತದೆ. ದೇಶದಲ್ಲೇ ಇದು ದೊಡ್ಡ ಸಾಧನೆ. ಆದರೆ ಯಂತ್ರ ಬರೆದದ್ದೆಲ್ಲ ಮಳೆಯೇ ಆಗಿರಬೇಕೆಂದೇನಿಲ್ಲ. ಕೊಳವೆಯಲ್ಲಿ ಜೇಡ ಬಲೆ ಕಟ್ಟುತ್ತದೆ, ಎಲೆ ಸಿಕ್ಕಿಕೊಳ್ಳುತ್ತದೆ, ಬಟ್ಟಲಿನ ಅಡಿ ಇರುವೆ ಗೂಡು ಮಾಡುತ್ತದೆ. ಮಳೆ ಜಡಿದು ಹೊಡೆದಾಗ ಬಟ್ಟಲು ಮಗುಚುವ ಅರೆಗಳಿಗೆಯಲ್ಲೂ ನೀರು ಸುರಿಯುತ್ತಲೇ ಇರುತ್ತದೆ. ಆ ನೀರು ಲೆಕ್ಕ ತಪ್ಪುತ್ತದೆ. ಹೀಗಾಗಿ ತೀರಾ ಬಿರುಸಿನ ಮಳೆಯಲ್ಲಿ ಇಂಥ ಮಾಪಕ ತೋರಿಸುವುದು ಬಿದ್ದದ್ದಕ್ಕಿಂತ ಸ್ವಲ್ಪ ಕಡಿಮೆ.

ಆದ್ದರಿಂದ ಮುಂಗಾರಿಗೆ ಮುಂಚೆ ವಿದ್ಯಾರ್ಥಿಗಳು ಒಂದೊಂದೇ ಮಾಪಕವನ್ನು ಲ್ಯಾಬಿಗೆ ತಂದು ಪರೀಕ್ಷೆಗೆ ಹಚ್ಚುತ್ತಾರೆ. ಸಣ್ಣ ತೂತಿನ ಬಾಟಲಿಯಲ್ಲಿ 400 ಮಿಲಿಲೀಟರ್ ನೀರು ತುಂಬಿ ತೊಟ್ಟು ತೊಟ್ಟಾಗಿ ಇಳಿಬಿಡುವುದು. 200 ಚದರ ಸೆಂಟಿಮೀಟರ್ ಬಾಯಿಗೆ ಅದು 20 ಮಿಲಿಮೀಟರ್ ಮಳೆ. ಬಟ್ಟಲಿನ ಅಳತೆ 0.2 ಮಿಲಿಮೀಟರ್ ಆಗಿದ್ದರೆ ಸರಿಯಾಗಿ 100 ಸಲ ಮಗುಚಬೇಕು. 96 ಬಂತೋ, ಅಡಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಮೊದಲಿಂದ. ಆಮೇಲೆ ಇದನ್ನೇ ದೊಡ್ಡ ತೂತಿನ ಬಾಟಲಿಯಿಂದ ಬೇಗ ಸುರಿಸಿ ನೋಡುವುದು. ಈ ಕೆಲಸದಲ್ಲಿ ಯಾವ ಆಕರ್ಷಣೆಯೂ ಕಾಣದಿರಬಹುದು. ಆದರೆ ಮುಂದೆ ಬರೆಯುವ ಥೀಸಿಸ್‌ನ ಪ್ರತಿ ಪುಟವೂ ಆ ತಿರುಪಿನ ಮೇಲೆ ನಿಂತಿದೆ.

ಇಲ್ಲಿ ಅನ್ನಾ ಮಣಿ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದ ಅವರು ಬೆಂಗಳೂರಿಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿದರು. ಮುಂದೆ ಲಂಡನ್ನಿನಲ್ಲಿ ಹವಾಮಾನ ಉಪಕರಣಗಳನ್ನು ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಆಗ ಸಾಮಾನ್ಯ ಉಪಕರಣಗಳೂ ಹೊರದೇಶದಿಂದಲೇ ಬರಬೇಕಿತ್ತು. ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಕರಾರುವಾಕ್ಕಾಗಿ ಸಿದ್ಧಪಡಿಸಿ ಇಲ್ಲೇ ತಯಾರಾಗುವಂತೆ ಮಾಡಿದ್ದು ಅವರ ಶ್ರಮ. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ದೃಢ ನಂಬಿಕೆಯಾಗಿತ್ತು. ನಿವೃತ್ತಿಯ ನಂತರ ಅವರು ಮರಳಿ ಬಂದದ್ದೂ ಬೆಂಗಳೂರಿಗೇ. ಇಂದು ಬಾಟಲಿ ಹಿಡಿದು ಬಟ್ಟಲು ಎಣಿಸುವ ಹುಡುಗ ಹುಡುಗಿಯರು ಅವರ ಪರಂಪರೆಯವರೆಂದೇ ನಾನು ಎಣಿಸುತ್ತೇನೆ.

ಮಳೆಮಾಪಕದ ಪಕ್ಕದಲ್ಲಿ ಆವಿಯನ್ನು ಅಳೆಯುವ ಅಗಲ ಬಾಯಿಯ ತಾಮ್ರದ ಬಾನಿ ಇರುತ್ತದೆ, ಅಡ್ಡ 1.22 ಮೀಟರ್, ಆಳ 25.5 ಸೆಂಟಿಮೀಟರ್. ಹಕ್ಕಿಗಳು ನೀರು ಕುಡಿಯದಂತೆ ಮೇಲೊಂದು ತಂತಿಬಲೆ. ಸ್ವಲ್ಪ ದೂರದಲ್ಲಿ ಬಿಳಿ ಬಳಿದ, ಪಟ್ಟಿ ಪಟ್ಟಿ ಗೋಡೆಯ ಪೆಟ್ಟಿಗೆ, ಅದರೊಳಗೆ ಒಣ ಮತ್ತು ಒದ್ದೆ ಬಟ್ಟೆಯ ಥರ್ಮಾಮೀಟರ್‌ಗಳು. ಇವೆಲ್ಲ ಶಾಲೆಯ ಪುಸ್ತಕದಿಂದಲೇ ಪರಿಚಯವಾದವು. ನಿಜವಾದ ಕೈಚಳಕ ಇರುವುದು ಹಳ್ಳದಲ್ಲಿ.

ಹಳ್ಳದ ಹರಿವು ಅಳೆಯಲು ಮೊದಲು ಜಾಗ ಹುಡುಕಬೇಕು. ಹಳ್ಳ ಅಲ್ಲಿ ಒಂದಷ್ಟು ದೂರ ನೇರವಾಗಿ ಹರಿಯಬೇಕು, ಕೆಳಗಡೆ ಬಂಡೆಯ ತಡೆ ಇದ್ದು ತಳ ವರ್ಷ ವರ್ಷ ಬದಲಾಗದಿರಬೇಕು, ಕೆಳಗಿನ ಚೆಕ್‌ಡ್ಯಾಂ ತುಂಬಿ ನೀರು ಹಿಂದೆ ಒತ್ತುವಂತಿರಬಾರದು. ಊರಿನ ಹಿರಿಯರನ್ನು ಕೇಳದೆ ಜಾಗ ಗೊತ್ತು ಮಾಡುವುದು ದುಡುಕು. ಯಾವ ವರ್ಷ ನೀರು ಯಾವ ಮರದ ಬುಡ ಮುಟ್ಟಿತ್ತೆಂಬುದು ಅವರ ನೆನಪಿನಲ್ಲಿರುತ್ತದೆ. ಜಾಗ ಸಿಕ್ಕ ಮೇಲೆ ದಡದಲ್ಲಿ ಮಟ್ಟದ ಪಟ್ಟಿ ನಿಲ್ಲಿಸಿ, ಅದರ ಸೊನ್ನೆ ಎಲ್ಲಿದೆಯೆಂದು ಪಕ್ಕದ ಬಂಡೆಯ ಮೇಲಿನ ಗುರುತಿಗೆ ತಾಳೆ ಹಾಕಿ ಬರೆದಿಡಬೇಕು. ಪ್ರವಾಹಕ್ಕೆ ಪಟ್ಟಿ ವಾಲಿದರೂ ಆ ಗುರುತು ಉಳಿದಿರುತ್ತದೆ.

ಆಮೇಲೆ ನೀರಿಗೆ ಇಳಿಯುವುದು. ದಡದಿಂದ ದಡಕ್ಕೆ ಟೇಪ್ ಬಿಗಿದು, ಹಳ್ಳದ ಅಗಲವನ್ನು ಇಪ್ಪತ್ತಕ್ಕೂ ಹೆಚ್ಚು ಪಟ್ಟಿಗಳಾಗಿ ಭಾಗ ಮಾಡುತ್ತಾರೆ. ಯಾವ ಒಂದು ಪಟ್ಟಿಯಲ್ಲೂ ಒಟ್ಟು ನೀರಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಬಾರದೆಂಬುದು ನಿಯಮ. ಪ್ರತಿ ಪಟ್ಟಿಯಲ್ಲಿ ಕೋಲಿನಿಂದ ಆಳ ನೋಡಿ, ಅದೇ ಕೋಲಿಗೆ ಸಿಕ್ಕಿಸಿದ, ನೀರಿನ ವೇಗ ಅಳೆಯುವ ಕರೆಂಟ್ ಮೀಟರನ್ನು ಮೇಲ್ಮೈಯಿಂದ ಹತ್ತರಲ್ಲಿ ಆರು ಪಾಲು ಆಳಕ್ಕೆ ಇಳಿಸಬೇಕು. ಆರೇ ಏಕೆ? ತಳದ ಕಲ್ಲು ಮಣ್ಣು ನೀರನ್ನು ಹಿಡಿದೆಳೆಯುವುದರಿಂದ ಕೆಳಗೆ ವೇಗ ಕಡಿಮೆ, ಮೇಲೆ ಹೆಚ್ಚು. ಮೇಲಿಂದ ಕೆಳಗಿನವರೆಗಿನ ವೇಗದ ಸರಾಸರಿ ಹೆಚ್ಚುಕಡಿಮೆ ಆ ಆಳದಲ್ಲೇ ಸಿಗುತ್ತದೆ. ನೀರು ಆಳವಿದ್ದರೆ ಎರಡು ಕಡೆ, ಹತ್ತರಲ್ಲಿ ಎರಡು ಪಾಲು ಮತ್ತು ಎಂಟು ಪಾಲು ಆಳದಲ್ಲಿ ಅಳೆದು ಸರಾಸರಿ ತೆಗೆಯುತ್ತಾರೆ. ಮೀಟರಿನ ಬಟ್ಟಲುಗಳು ತಿರುಗುವಾಗ ಬರುವ ಟಿಕ್ ಸದ್ದನ್ನು 40ರಿಂದ 60 ಸೆಕೆಂಡಿನವರೆಗೆ ಎಣಿಸಬೇಕು. ನಿಲ್ಲುವುದಕ್ಕೂ ಒಂದು ರೀತಿಯಿದೆ. ಟೇಪಿನಿಂದ ಕೆಳಹರಿವಿನ ಕಡೆ, ಪಕ್ಕಕ್ಕೆ ಸರಿದು, ಕೈ ಮುಂದೆ ಚಾಚಿ ಕೋಲು ಹಿಡಿಯಬೇಕು. ಇಲ್ಲದಿದ್ದರೆ ಅಳೆಯುವವರ ಕಾಲೇ ನೀರಿನ ಓಟವನ್ನು ಕೆಡಿಸುತ್ತದೆ. ಅರ್ಧ ಮೀಟರ್ ಅಗಲದ ಪಟ್ಟಿ, 0.4 ಮೀಟರ್ ಆಳ, ಸೆಕೆಂಡಿಗೆ 0.6 ಮೀಟರ್ ವೇಗ. ಗುಣಿಸಿದರೆ ಸೆಕೆಂಡಿಗೆ 120 ಲೀಟರ್. ಹೀಗೆ ಎಲ್ಲ ಪಟ್ಟಿಗಳನ್ನೂ ಕೂಡಿದರೆ ಆ ಹೊತ್ತಿನ, ಆ ಮಟ್ಟದ, ಒಂದೇ ಒಂದು ಹರಿವು ಕೈಗೆ ಬರುತ್ತದೆ.

ಮಲೆನಾಡಿನ ಬಂಡೆಗಳ ನಡುವೆ ನೊರೆಯಾಗಿ ಧುಮುಕುವ ತೊರೆಯಲ್ಲಿ ಈ ಪಟ್ಟಿಯ ಲೆಕ್ಕ ನಡೆಯುವುದಿಲ್ಲ. ಅಲ್ಲಿಗೆ ಉಪ್ಪು ಬೇಕು. ಸೆಕೆಂಡಿಗೆ 100 ಲೀಟರ್ ಹರಿಯುವ ತೊರೆಗೆ ಅರ್ಧ ಕಿಲೋ ಅಡುಗೆ ಉಪ್ಪು ಸಾಕು. ಬಕೆಟ್ಟಿನಲ್ಲಿ ಚೆನ್ನಾಗಿ ಕರಗಿಸಿ ಒಮ್ಮೆಗೇ ಸುರಿದು, ಅದು ನೀರಿನೊಂದಿಗೆ ಪೂರ್ತಿ ಬೆರೆಯುವಷ್ಟು ಕೆಳಗೆ ಹೋಗಿ ವಿದ್ಯುತ್ ವಾಹಕತೆಯ ಮೀಟರನ್ನು ನೀರಿಗಿಟ್ಟು ಕಾಯುತ್ತಾರೆ. ಉಪ್ಪಿನ ಅಲೆ ಬಂದಾಗ ಅಂಕಿ ಏರಿ, ಹಾದು ಹೋದಂತೆ ನಿಧಾನಕ್ಕೆ ಇಳಿಯುತ್ತದೆ. ಸುರಿದ ಉಪ್ಪು ಎಷ್ಟೆಂದು ಗೊತ್ತಿದೆ, ಅದು ಎಷ್ಟು ತೆಳುವಾಯಿತೆಂದು ಮೀಟರ್ ಹೇಳುತ್ತದೆ. ತೆಳುವಾಗಿಸಿದ ನೀರು ಎಷ್ಟೆಂಬುದು ಈ ಎರಡರಿಂದ ಹೊರಬರುತ್ತದೆ. ತೊರೆಯ ಅಗಲವೂ ಬೇಡ, ಆಳವೂ ಬೇಡ. ಮೀಟರನ್ನು ಮಾತ್ರ ಅದೇ ತೊರೆಯ ನೀರಿನಲ್ಲಿ ಮೊದಲು ಪಳಗಿಸಿಕೊಂಡಿರಬೇಕು. ಘಟ್ಟದಲ್ಲಿ ಫೀಲ್ಡ್ ಮಾಡುವವರ ಚೀಲದಲ್ಲಿ ಉಪ್ಪು ಯಾವಾಗಲೂ ಇರುತ್ತದೆ. ಕಾಲಿಗೆ ಹತ್ತುವ ಇಂಬಳಕ್ಕೂ ಅದೇ ಮದ್ದು.

ಇಷ್ಟೆಲ್ಲ ಮಾಡಿದರೂ ಸಿಕ್ಕಿದ್ದು ಒಂದು ಗಳಿಗೆಯ ಹರಿವು. ವರ್ಷವಿಡೀ ಯಾರೂ ನೀರಿನಲ್ಲಿ ನಿಂತಿರಲಾರರು. ಮಟ್ಟವನ್ನಾದರೆ ಸೆನ್ಸರ್ ಹಗಲೂ ರಾತ್ರಿ ಬರೆದುಕೊಳ್ಳುತ್ತದೆ. ಆದ್ದರಿಂದ ಬೇರೆ ಬೇರೆ ಮಟ್ಟದಲ್ಲಿ ಹರಿವನ್ನು ಅಳೆದು, ಮಟ್ಟ ಇಷ್ಟಿದ್ದಾಗ ಹರಿವು ಇಷ್ಟು ಎಂಬ ಬಿಂದುಗಳನ್ನು ಕಾಗದದ ಮೇಲೆ ಇಟ್ಟು, ಅವುಗಳ ನಡುವೆ ಒಂದು ಬಾಗುಗೆರೆ ಎಳೆಯುತ್ತಾರೆ. ಇದೇ ರೇಟಿಂಗ್ ಕರ್ವ್. ಲ್ಯಾಬಿನಲ್ಲಿ ಯಾರನ್ನು ಕೇಳಿದರೂ ತಮ್ಮ ಹಳ್ಳದ ಕರ್ವ್ ಬಗ್ಗೆ ಮನೆಯವರ ಬಗ್ಗೆ ಹೇಳುವಷ್ಟೇ ಆಪ್ತವಾಗಿ ಹೇಳುತ್ತಾರೆ. ಅದು ಸಹಜ. ಪ್ರತಿ ಬಿಂದುವಿನ ಹಿಂದೆ ಒಂದು ಪಯಣ, ಒಂದು ದಿನದ ಒದ್ದೆ ಬಟ್ಟೆ, ಎಣಿಸಿದ ಸಾವಿರಾರು ಟಿಕ್‌ಗಳು ಇವೆ.

ಈ ಕಸುಬಿನ ಅತಿ ಕಷ್ಟದ ಭಾಗವೂ ಇದೇ. ಬಿಂದುಗಳೆಲ್ಲ ಕೆಳಗಡೆ ಗುಂಪುಗೂಡಿರುತ್ತವೆ. ನೀರು ಕಡಿಮೆ ಇದ್ದಾಗ ಇಳಿದು ಅಳೆಯುವುದು ಸುಲಭ. ಆದರೆ ಸಣ್ಣ ಹಳ್ಳದಲ್ಲಿ ವರ್ಷದ ನೀರಿನ ದೊಡ್ಡ ಪಾಲು ಹರಿದುಹೋಗುವುದು ಕೆಲವೇ ದಿನಗಳ ಕೆಂಪು ಪ್ರವಾಹದಲ್ಲಿ. ಪ್ರವಾಹ ಬರುವುದು ಬಹಳ ಸಲ ರಾತ್ರಿ, ರಸ್ತೆ ಕಡಿದಾಗ, ನೀರಿಗೆ ಕಾಲಿಡುವುದೇ ಪ್ರಾಣಕ್ಕೆ ಅಪಾಯವಾದಾಗ. ಅಂಥ ಹೊತ್ತಿನಲ್ಲಿ ಸೇತುವೆಯ ಮೇಲಿಂದ ತೇಲುವ ವಸ್ತು ಬಿಟ್ಟು ಮೇಲ್ಮೈ ವೇಗ ನೋಡಿ, ಅದರ ನೂರರಲ್ಲಿ ಸುಮಾರು 85 ಪಾಲನ್ನು ಸರಾಸರಿ ವೇಗವೆಂದು ಹಿಡಿಯುತ್ತಾರೆ. ಈಚೆಗೆ ಕ್ಯಾಮೆರಾದಲ್ಲಿ ಸೆರೆಹಿಡಿದು ಲೆಕ್ಕ ಹಾಕುವುದೂ ಬಂದಿದೆ. ಅದೂ ಇಲ್ಲದಿದ್ದರೆ ಬಾಗುಗೆರೆಯನ್ನು ಬಿಂದುಗಳಿಲ್ಲದ ಕಡೆಗೆ ಅಂದಾಜಿನ ಮೇಲೆ ಮುಂದಕ್ಕೆ ಎಳೆಯಬೇಕಾಗುತ್ತದೆ. ಅಷ್ಟರಲ್ಲಿ ದೊಡ್ಡ ಪ್ರವಾಹವೊಂದು ತಳವನ್ನು ಕೊರೆದು ಹೋದರೆ ಹಳೆಯ ಗೆರೆಯೇ ಕೆಲಸಕ್ಕೆ ಬಾರದೆ ಹೋಗಬಹುದು. ಇನ್ನೂ ಒಂದು ಸೂಕ್ಷ್ಮವಿದೆ. ಒಂದೇ ಮಟ್ಟದಲ್ಲಿ ನೀರು ಏರುವಾಗಿನ ಹರಿವು ಇಳಿಯುವಾಗಿನ ಹರಿವಿಗಿಂತ ಹೆಚ್ಚಿರುತ್ತದೆ. ಏರುವ ಪ್ರವಾಹದ ಮುಂಭಾಗ ಕಡಿದಾಗಿ ಇಳಿಜಾರಾಗಿರುವುದೇ ಅದಕ್ಕೆ ಕಾರಣ. ಇಂಥದ್ದನ್ನೆಲ್ಲ ಬಲ್ಲ ವಿದ್ಯಾರ್ಥಿ ಅಂಕಿಯ ಪಕ್ಕದಲ್ಲೇ ಅದು ಎಷ್ಟು ಆಚೀಚೆ ಆಗಬಹುದೆಂದೂ ಬರೆಯುತ್ತಾನೆ, ಬರೆಯುತ್ತಾಳೆ. ಈ ಲ್ಯಾಬುಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಆ ಬರಹವನ್ನು. ತಮ್ಮ ಅಂಕಿಯಲ್ಲಿ ತಮಗೆ ಎಷ್ಟು ನಂಬಿಕೆಯಿದೆಯೆಂದು ಅಳೆದು ಹೇಳುವ ಧೈರ್ಯ ಎಲ್ಲ ಕಸುಬಿನಲ್ಲೂ ಸಿಗುವಂಥದ್ದಲ್ಲ.

ಮಳೆಗಾಲ ಮುಗಿದ ಮೇಲೆ ಲ್ಯಾಬಿನ ಒಳಗಿನ ಕೆಲಸ. ತಿಂಗಳುಗಟ್ಟಲೆ ಡೇಟಾ ತಿದ್ದುವುದು. ಅಕ್ಕಪಕ್ಕದ ಐದು ಮಾಪಕಗಳಲ್ಲಿ ಜಡಿಮಳೆ ಇದ್ದು ನಡುವಿನದರಲ್ಲಿ ಸೊನ್ನೆ ಇದ್ದರೆ ಅಲ್ಲಿ ಮಳೆ ಬರಲಿಲ್ಲವೇ, ಕೊಳವೆ ಕಟ್ಟಿತ್ತೇ? ಫೀಲ್ಡ್ ಪುಸ್ತಕದಲ್ಲಿ ‘ಎಲೆ ತೆಗೆದೆ’ ಎಂದು ಯಾರಾದರೂ ಬರೆದಿದ್ದರೆ ಅದು ಬಂಗಾರದಂಥ ಸಾಲು. ದಿನಾಂಕದ ಗೊಂದಲ ಇನ್ನೊಂದು. ನಮ್ಮಲ್ಲಿ ಜುಲೈ 10ರ ಬೆಳಿಗ್ಗೆ 8:30ಕ್ಕೆ ಅಳೆದ ಮಳೆಯನ್ನು 10ನೇ ತಾರೀಖಿಗೇ ಬರೆಯುತ್ತಾರೆ; ಅದರಲ್ಲಿ ಹೆಚ್ಚಿನದು ಬಿದ್ದದ್ದು 9ರಂದು. ಉಪಗ್ರಹದ ಮಳೆಯ ಕಡತಗಳಲ್ಲಿ ದಿನ ಶುರುವಾಗುವುದು ಗ್ರೀನಿಚ್ ಮಧ್ಯರಾತ್ರಿಗೆ, ಅಂದರೆ ನಮ್ಮ ಬೆಳಗಿನ 5:30ಕ್ಕೆ. ಇದನ್ನು ಗಮನಿಸದೆ ಎರಡನ್ನೂ ಜೋಡಿಸಿದರೆ ಒಳ್ಳೆಯ ಉಪಗ್ರಹವೂ ಕೆಟ್ಟದಾಗಿ ಕಾಣುತ್ತದೆ. ತಿದ್ದಿದ ಡೇಟಾದಿಂದ, ಮಳೆ ಇಷ್ಟಾದರೆ ಹರಿವು ಎಷ್ಟೆಂದು ಹೇಳುವ ಕಂಪ್ಯೂಟರ್ ಮಾದರಿ ಕಟ್ಟಿದ ಮೇಲೆ ಅದರ ಗುಣವನ್ನು ಒಂದು ಅಂಕದಿಂದ ನೋಡುತ್ತಾರೆ. 1970ರಲ್ಲಿ ನ್ಯಾಶ್ ಮತ್ತು ಸಟ್‌ಕ್ಲಿಫ್ ಎಂಬ ಜಲವಿಜ್ಞಾನಿಗಳು ಕೊಟ್ಟದ್ದು. ಒಂದು ಬಂದರೆ ಮಾದರಿಯೂ ಹಳ್ಳವೂ ಪೂರ್ತಿ ಹೊಂದಿಕೊಂಡವು. ಸೊನ್ನೆ ಬಂದರೆ ಬರೀ ಸರಾಸರಿಯನ್ನು ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಹಾಸ್ಟೆಲಿನ ಊಟದ ಮೇಜಿನಲ್ಲೂ ಈ ಅಂಕದ್ದೇ ಮಾತು. ಆದರೂ ನಾನು ಮೆಚ್ಚುವ ಗೈಡ್‌ಗಳು ಅಂಕ ಚೆನ್ನಾಗಿ ಬಂದಾಗಲೇ ಹೆಚ್ಚು ಪ್ರಶ್ನೆ ಕೇಳುವವರು. ಮಣ್ಣು, ಮರ, ಅಂತರ್ಜಲ ಎಲ್ಲವನ್ನೂ ತಪ್ಪಾಗಿ ಹಿಡಿದೂ, ಒಂದರ ತಪ್ಪು ಇನ್ನೊಂದರ ತಪ್ಪನ್ನು ಮುಚ್ಚಿ, ಹರಿವು ಸರಿ ಬರುವುದುಂಟು.

ಇಷ್ಟು ಜತನದಿಂದ ಲೆಕ್ಕ ಹಿಡಿದರೆ ಏನು ತಿಳಿಯುತ್ತದೆ? 1674ರಲ್ಲಿ ಪ್ಯಾರಿಸ್‌ನ ಪಿಯೇರ್ ಪೆರೋ ತನ್ನ ಪುಸ್ತಕದಲ್ಲಿ ಸೇನ್ ನದಿಯ ಮೇಲ್ಭಾಗದ ಮಳೆಯನ್ನೂ ಹರಿವನ್ನೂ ಹೋಲಿಸಿ, ಮಳೆಯೇ ಹರಿವಿನ ಸುಮಾರು ಆರು ಪಟ್ಟು ಇದೆಯೆಂದು ತೋರಿಸಿದ. ನದಿಗಳಿಗೆ ಮಳೆಯ ನೀರು ಸಾಲದು, ಭೂಮಿಯೊಳಗಿಂದ ಬೇರೆ ಮೂಲವಿರಬೇಕು ಎಂಬ ಹಳೆಯ ನಂಬಿಕೆಗೆ ಅದು ದೊಡ್ಡ ಪೆಟ್ಟು. ಉಳಿದ ಐದು ಪಾಲು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅಂದಿನಿಂದ ಈ ವಿಜ್ಞಾನದ ಬೆನ್ನು ಬಿಟ್ಟಿಲ್ಲ. ಅದಕ್ಕೆ ನಮ್ಮ ನೆಲದ ಉತ್ತರ ಹುಡುಕುತ್ತಿರುವ ಜಾಗ ಬಂಡೀಪುರದ ಕಾಡಿನೊಳಗಿನ ಮೂಲೆಹೊಳೆ.

ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರೆಂಚ್ ವಿಜ್ಞಾನಿಗಳೂ ಸೇರಿ 2003ರ ಸುಮಾರಿನಿಂದ ಅಲ್ಲಿ 4.1 ಚದರ ಕಿಲೋಮೀಟರಿನ ಒಂದು ಪುಟ್ಟ ಜಲಾನಯನವನ್ನು ಅಳೆಯುತ್ತ ಬಂದಿದ್ದಾರೆ. ವರ್ಷಕ್ಕೆ ಸುಮಾರು 1,100 ಮಿಲಿಮೀಟರ್ ಮಳೆ; ಎಲೆ ಉದುರುವ ಒಣಕಾಡು; ಆನೆಗಳ ಓಡಾಟ. ಕಾಡಿನಲ್ಲಿ ಮಾಪಕ ಇಡುವವರು ಮರದ ಎತ್ತರದ ಜೊತೆಗೆ ಆನೆಯ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲಿ ಬಿದ್ದ ಮಳೆಯ ಬಹುಪಾಲು ಹೊಳೆಗೆ ಇಳಿಯುವುದೇ ಇಲ್ಲ. ಮರಗಳ ಬೇರು ಅದನ್ನು ಹೀರಿ ಎಲೆಯ ಮೂಲಕ ಆಕಾಶಕ್ಕೆ ಹಿಂದಿರುಗಿಸುತ್ತದೆ. ಅಂತರ್ಜಲ ಹೊಳೆಯ ತಳಕ್ಕಿಂತ ಬಹಳ ಕೆಳಗಿದೆ; ಮಳೆ ನಿಂತರೆ ಹೊಳೆಯೂ ನಿಲ್ಲುತ್ತದೆ. ಕಾಡಿದ್ದರೆ ಹೊಳೆ ಬತ್ತದು ಎಂಬ ನಮ್ಮ ಮಾತು ಎಲ್ಲ ಕಾಡಿಗೂ ಒಂದೇ ರೀತಿ ಹೊಂದುವುದಿಲ್ಲ. ಘಟ್ಟದ ಮಳೆಕಾಡು ಬೇರೆ, ಬಂಡೀಪುರದ ಒಣಕಾಡು ಬೇರೆ. ಅಳತೆಯಿಲ್ಲದೆ ಈ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಅಲ್ಲಿಂದ ಹೆಚ್ಚು ದೂರವಿಲ್ಲದ ಗುಂಡ್ಲುಪೇಟೆ ಕಡೆಯ ಬೇರಂಬಾಡಿ ಜಲಾನಯನ 84 ಚದರ ಕಿಲೋಮೀಟರ್. ಅದು ಅರಿಶಿನ, ಚೆಂಡುಹೂವು, ಸೂರ್ಯಕಾಂತಿಯ ಹೊಲಗಳ ನಾಡು; ಕೊಳವೆಬಾವಿಗಳ ನಾಡು ಕೂಡ. ಪಂಪು ಹೆಚ್ಚಿದ ಹಳ್ಳಿಗಳಲ್ಲಿ ನೀರಿನ ಮಟ್ಟ ಕುಸಿದಿರುವುದನ್ನೂ, ಅದೇ ನೀರು ಹೊಲ ಮತ್ತು ಬಾವಿಗಳ ನಡುವೆ ಸುತ್ತಿ ಸುತ್ತಿ ಗೊಬ್ಬರದ ನೈಟ್ರೇಟ್ ಸೇರಿಕೊಳ್ಳುವುದನ್ನೂ ಇಲ್ಲಿನ ಸಂಶೋಧಕರು ಬಾವಿಯಿಂದ ಬಾವಿಗೆ ಹೋಗಿ ಕಂಡುಕೊಂಡಿದ್ದಾರೆ. ಉಪಗ್ರಹಗಳು ಹೇಳುವ ಮಣ್ಣಿನ ತೇವ ನಿಜವೇ ಎಂದು ನೋಡುವುದೂ ಇದೇ ಹೊಲಗಳಲ್ಲಿ. ಉಪಗ್ರಹ ಹಾದುಹೋಗುವ ದಿನ ವಿದ್ಯಾರ್ಥಿಗಳು ಹೊಲಹೊಲಕ್ಕೆ ಚೆದುರಿ ಮೇಲಿನ 5 ಸೆಂಟಿಮೀಟರ್ ಮಣ್ಣನ್ನು ಡಬ್ಬಿಯಲ್ಲಿ ಹಿಡಿದು ತರುತ್ತಾರೆ. ತೂಗಿ, 105 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಲೆಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗುತ್ತಾರೆ. ಕಳೆದುಹೋದ ತೂಕವೇ ನೀರು. ಕೆಲವು ಉಪಗ್ರಹಗಳ ಒಂದು ಚುಕ್ಕಿ ಸುಮಾರು 40 ಕಿಲೋಮೀಟರ್ ಅಗಲವನ್ನು ಒಟ್ಟಿಗೆ ನೋಡುತ್ತದೆ. ಅದಕ್ಕೆ ಎದುರಾಗಿ ನಿಲ್ಲುವುದು ಇಂಥ ಡಬ್ಬಿಗಳು. ಹೊಲದವರು ಒಳಗೆ ಬಿಡದಿದ್ದರೆ ಈ ವಿಜ್ಞಾನ ಒಂದು ಹೆಜ್ಜೆಯೂ ಮುಂದೆ ಹೋಗದು. ಮಟ್ಟದ ಪಟ್ಟಿಯನ್ನು ದಿನಾ ಓದಿ ಪುಸ್ತಕಕ್ಕೆ ಬರೆಯುವ ಊರಿನವರ ಕೆಲಸವೂ ಥೀಸಿಸ್‌ನ ಕೃತಜ್ಞತೆಯ ಪುಟಕ್ಕೆ ಸೀಮಿತವಾಗದೆ ಇನ್ನೂ ಹೆಚ್ಚಿನ ಮಾನ ಪಡೆಯಬೇಕೆಂದು ನನ್ನ ಆಸೆ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಚಳ್ಳಕೆರೆಯಲ್ಲಿ 500ರ ಆಸುಪಾಸು. ಇವೆರಡರ ನಡುವೆ ಮಟ್ಟದ ಪಟ್ಟಿಯನ್ನೇ ಕಾಣದ ಹಳ್ಳಗಳು ಲೆಕ್ಕವಿಲ್ಲದಷ್ಟಿವೆ. ಅಳೆಯದ ಹಳ್ಳದ ಹರಿವನ್ನು ಅಳೆದ ಹಳ್ಳದಿಂದ ಊಹಿಸುವುದು ಹೇಗೆಂಬ ಪ್ರಶ್ನೆಗೆ ಅಂತರರಾಷ್ಟ್ರೀಯ ಜಲವಿಜ್ಞಾನ ಸಂಘ 2003ರಿಂದ 2012ರವರೆಗಿನ ಇಡೀ ದಶಕವನ್ನೇ ಮೀಸಲಿಟ್ಟಿತ್ತು. ದಶಕ ಮುಗಿದರೂ ಪ್ರಶ್ನೆ ಮುಗಿದಿಲ್ಲ. ಒಂದೇ ತರಹದ ಮಣ್ಣು, ಇಳಿಜಾರು, ಮರಗಿಡ ಇರುವ ಎರಡು ಹಳ್ಳಗಳನ್ನು ಆರಿಸಿ, ಅಳತೆ ಇರುವ ಒಂದರದನ್ನು ಬೇಕೆಂದೇ ಮುಚ್ಚಿಟ್ಟು, ಇನ್ನೊಂದರಿಂದ ಅದನ್ನು ಊಹಿಸಿ, ಕೊನೆಗೆ ಮುಚ್ಚಳ ತೆಗೆದು ತಾಳೆ ನೋಡುವ ಪರೀಕ್ಷೆ ಈಗ ಎಷ್ಟೋ ವಿದ್ಯಾರ್ಥಿಗಳ ಥೀಸಿಸ್‌ನ ಭಾಗವಾಗಿದೆ. ಊಹೆ ಎಲ್ಲಿ ತಪ್ಪಿತೋ ಅಲ್ಲಿಗೇ ಮುಂದಿನ ಮಳೆಗಾಲಕ್ಕೆ ಹೊಸ ಮಟ್ಟದ ಪಟ್ಟಿ ಹೋಗುತ್ತದೆ.